ಹಿತ್ತಿಲ ಬಾಗಿಲಿಗೆ ನಿಲ್ಲಿಸಿದ ಬಸ್ಸು

ನಮ್ಮೂರಿನಲ್ಲಿ ಒಂದು ರಾತ್ರಿ ಬೇರೆ ಕಡೆ ಮಲಗಿ ಬಂದವರು ಮತ್ತೆ ತಮ್ಮ ಮನೆಯ ಹೊಸಿಲು ದಾಟಲಾರರು. ಬಾಗಿಲು ತೆರೆದೇ ಇರುತ್ತದೆ, ಒಳಗಿನವರು ಬಾ ಎಂದು ಕರೆಯುತ್ತಲೇ ಇರುತ್ತಾರೆ, ಆದರೆ ಹೊಸಿಲ ಮುಂದೆ ಕಾಲು ಏಳುವುದಿಲ್ಲ. ಹಾಗಾಗಿ ನಮ್ಮೂರಿನ ಕೊನೆಯ ಬಸ್ಸು ಸಂಜೆ ಏಳಕ್ಕೇ ಬಂದು ಮುಟ್ಟುತ್ತದೆ. ಆಸ್ಪತ್ರೆಯಲ್ಲಿ ಮಂಚಗಳಿಲ್ಲ, ಬೆಂಚುಗಳಿವೆ. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದರೆ ಜಗಲಿಯಲ್ಲಿ ಕೂತು ಮಾತಾಡಿ, ಬಿಸಿಲು ಇಳಿಯುವ ಮೊದಲು ಎದ್ದು ಹೋಗುತ್ತಾರೆ. ಅದಕ್ಕೇ ಇಲ್ಲಿನ ಜಗಲಿಗಳು ನಡುಮನೆಗಿಂತ ದೊಡ್ಡವು. ಮನೆ ಕಳೆದುಕೊಂಡವರು ಹತ್ತಿ ಮಿಲ್ಲಿನ ಹಿಂದಿನ ಹೊರಸಾಲಿನಲ್ಲಿ ಒಂದೊಂದು ಕೋಣೆ ಹಿಡಿದು ಇರುತ್ತಾರೆ. ಯಾರೂ ಅದಕ್ಕಾಗಿ ಸಾಯುವುದಿಲ್ಲ. ನಾನು ಪುರಸಭೆಯಲ್ಲಿ ನೀರಿನ ಮೀಟರು ಓದುವ ಕೆಲಸದಲ್ಲಿದ್ದೇನೆ. ತಿಂಗಳಿಗೊಮ್ಮೆ ಊರಿನ ಎಲ್ಲ ಜಗಲಿಗಳನ್ನೂ ಹತ್ತಿ ಇಳಿಯುತ್ತೇನೆ. ಜಗಲಿಯಲ್ಲಿ ಕೂತ ಹೆಂಗಸರು ಅಳುವುದನ್ನು ನಾನು ಕಂಡಿದ್ದು ಕಡಿಮೆ. ಅವರು ಬೇಳೆಯ ಬಗ್ಗೆ, ಸೊಸೆಯ ಬಗ್ಗೆ, ಮಂಡಿನೋವಿನ ಬಗ್ಗೆ ಮಾತಾಡುತ್ತಿರುತ್ತಾರೆ.

ಇಂಥ ಊರಿನಲ್ಲಿ ನಮ್ಮವ್ವನಿಗೆ ಬಲೂನು ಹಬ್ಬ ನೋಡುವ ಆಸೆ ಹುಟ್ಟಿತು. ಅದು ನಮ್ಮ ಮನೆಯಲ್ಲಿ ಎರಡು ವರ್ಷ ವಾಸಿಯಾಗದ ಕೆಮ್ಮಿನ ಹಾಗೆ ಇತ್ತು.

ಅವ್ವ, ಟೈಲರ್ ವೀರಮ್ಮ, ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಹೊಲಿದೇ ಈ ಮನೆ ಕಟ್ಟಿದಳು. ಮೊದಲು ರವಿಕೆ, ಲಂಗ, ಸ್ಕೂಲ್ ಯೂನಿಫಾರಂ. ಆರು ವರ್ಷದ ಹಿಂದೆ ಹೊರಗಿನಿಂದ ಒಬ್ಬ ಏಜೆಂಟ್ ಬಂದು, ನಮ್ಮೂರಿನ ಹೆಂಗಸರು ಯಾವತ್ತೂ ಮನೆ ಬಿಟ್ಟು ಹೋಗುವುದಿಲ್ಲವೆಂದು ಯಾರಿಂದಲೋ ಕೇಳಿ, ಬಲೂನಿನ ಬಟ್ಟೆ ಕೊಡಲು ಶುರು ಮಾಡಿದ. ಬಿಸಿಗಾಳಿ ತುಂಬಿ ಮನುಷ್ಯರನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಮೇಲೇರುವ ಬಲೂನು. ಬಟ್ಟೆ ಉದ್ದನೆಯ ಪಟ್ಟೆಗಳಾಗಿ ಬರುತ್ತದೆ. ನಡುವೆ ಅಗಲ, ಎರಡು ತುದಿಯಲ್ಲೂ ಚೂಪು. ಅಂಚಿಗೆ ಅಂಚು ಮಡಿಚಿ, ಎರಡು ಸಾಲು ಹೊಲಿಗೆ ಹಾಕಬೇಕು. ಒಂದು ಪಟ್ಟೆ ನಮ್ಮ ನಡುಮನೆಯಿಂದ ಶುರುವಾಗಿ, ಅಡಿಗೆಮನೆ ದಾಟಿ, ಹಿತ್ತಿಲಿನ ತನಕ ಬೀಳುತ್ತದೆ. ಅವಳ ಮಗಳು ನಾನು, ಕೆಲಸದಿಂದ ಬಂದ ಮೇಲೆ ಅದರ ಇನ್ನೊಂದು ತುದಿ ಹಿಡಿದು, ಅವ್ವ ಹೊಲಿದ ಹಾಗೆ ಮೆಲ್ಲಗೆ ಬಿಡುತ್ತಾ ಹೋಗಬೇಕು. ಆರು ವರ್ಷ ನಾನು ಆ ತುದಿಯಲ್ಲಿ ನಿಂತಿದ್ದೇನೆ. ಪೂರ್ತಿ ಬಲೂನು ಹೇಗಿರುತ್ತದೆಂದು ನಾವಿಬ್ಬರೂ ಕಣ್ಣಾರೆ ಕಂಡಿರಲಿಲ್ಲ. ಏಜೆಂಟ್ ಫೋನಿನಲ್ಲಿ ಒಮ್ಮೆ ತೋರಿಸಿದ್ದ. ನಿಂಬೆಹಣ್ಣಿನಷ್ಟು ಕಂಡಿತು.

ಕಳೆದ ವರ್ಷ ಅವನು ಬಟ್ಟೆಯ ಗಂಟು ಇಳಿಸುವಾಗ, ಒಂದು ಬಲೂನು ಮೇಲೇರಿದಾಗ ಹರಿಯಿತು, ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ, ಅದು ನಿಮ್ಮ ಹೊಲಿಗೆಯದ್ದು ಎಂದ. ಅವ್ವ ಮೆಷಿನ್ನಿನಿಂದ ಕಾಲು ತೆಗೆಯದೆ, ನನ್ನ ಹೊಲಿಗೆ ಹರಿಯುವುದಿಲ್ಲ ಎಂದಳು. ಬಟ್ಟೆ ಹರಿದಿರಬಹುದು, ಹೊಲಿಗೆ ಹರಿದಿಲ್ಲ ಎಂದಳು. ಅವನು ಜಗಳಕ್ಕೆ ಬರಲಿಲ್ಲ. ಅದಕ್ಕೆ ತೇಪೆ ಹಾಕಿದ್ದಾರೆ, ಮುಂದಿನ ಹಬ್ಬಕ್ಕೂ ಅದೇ ಬಲೂನು ಏರುತ್ತದೆ, ಬೇಕಾದರೆ ಬಂದು ನೋಡಿ, ಇನ್ನೊಂದು ಸಲ ಹೀಗಾದರೆ ನಾನು ಬೇರೆ ಊರು ನೋಡಿಕೊಳ್ಳಬೇಕಾಗುತ್ತದೆ ಎಂದು ಹೇಳಿ ಹೋದ. ಅಂದಿನಿಂದ ನೋಡುವ ಆಸೆ ನೋಡಲೇಬೇಕು ಎಂದಾಯಿತು.

ತೊಂದರೆ ಇದ್ದದ್ದು ಗಾಳಿಯಲ್ಲಿ. ಗಾಳಿ ಏಳುವ ಮೊದಲೇ, ಬೆಳಗಿನ ಜಾವ ಐದೂವರೆಗೆ, ಬಲೂನುಗಳನ್ನು ಏರಿಸುತ್ತಾರೆ. ಹಬ್ಬದ ಬಯಲು ನಮ್ಮೂರಿನಿಂದ ಒಂದು ಹಗಲಿನ ದಾರಿ. ನಡುವೆ ಒಂದು ರಾತ್ರಿ ಅಲ್ಲಿ ಕಳೆಯಲೇಬೇಕು. ಇಡೀ ರಾತ್ರಿ ಎಚ್ಚರ ಇದ್ದರೆ ಮನೆ ಉಳಿಯುತ್ತದೆ. ನಮ್ಮೂರಿನ ಗಂಡಸರು ಕೋರ್ಟು ಕಚೇರಿಗೆಂದು ಹೋದಾಗ ಹಾಗೆ ಮಾಡಿ ಬರುತ್ತಾರೆ, ಬಂದ ಮೇಲೆ ಎರಡು ದಿನ ಹೆಂಡತಿ ಮಕ್ಕಳ ಮೇಲೆ ಹರಿಹಾಯುತ್ತಾರೆ. ಅವ್ವನಿಗೆ ಐವತ್ತೆಂಟು. ಬೆಳಿಗ್ಗೆ ಐದಕ್ಕೆ ಮೆಷಿನ್ನಿಗೆ ಕೂರುವವಳು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವಳು. ಮನೆಯಲ್ಲೇ ಮೂರು ಸಲ ಪರೀಕ್ಷೆ ಮಾಡಿ ನೋಡಿದೆವು. ಕಾಫಿ ಕುಡಿಸಿದೆ, ಹಸಿ ಮೆಣಸಿನಕಾಯಿ ಕಚ್ಚಿಸಿದೆ, ಅಂಗಳದಲ್ಲಿ ನಡೆಸಿದೆ. ಮೂರು ಸಲವೂ ಒಂದೂವರೆ ದಾಟಲಿಲ್ಲ. ಮೂರನೆಯ ಸಲ ನಿಂತುಕೊಂಡೇ ಮಲಗಿದಳು.

ದಾರಿ ತೋರಿಸಿದವನು ದಸ್ತಗೀರಣ್ಣ. ಅವನು ವೆಲ್ಡಿಂಗ್ ಕೆಲಸದವನು, ಗಾಡಿ ರಿಪೇರಿಯನ್ನೂ ಮಾಡುತ್ತಾನೆ. ಹದಿನೈದು ವರ್ಷದ ಹಿಂದೆ ಕೆಟ್ಟು ನಿಂತ ಲಾರಿಯ ಪಕ್ಕದಲ್ಲಿ ಮಲಗಿ ಮನೆ ಕಳೆದುಕೊಂಡವನು. ಅದಾದ ಮೇಲೆ ಹೊರಸಾಲಿನಲ್ಲಿ ನಾಲ್ಕು ಕೋಣೆಗಳನ್ನು ಅದೇ ರೀತಿ ಕಳೆದುಕೊಂಡಿದ್ದಾನೆ. ಐದನೆಯದರಲ್ಲಿ ಇದ್ದಾನೆ, ಅದರ ಮೇಲೂ ಅವನಿಗೆ ಅಂಥ ಪ್ರೀತಿಯಿಲ್ಲ. ಅವನ ಹತ್ತಿರ ಪರ್ಮಿಟ್ ಮುಗಿದ ಒಂದು ಮಿನಿಬಸ್ಸು ತುಕ್ಕು ಹಿಡಿಯುತ್ತಾ ನಿಂತಿತ್ತು. ಹೊರಗಿನ ಜನ ಇಂಥದರಲ್ಲೇ ಮಂಚ, ಒಲೆ ಇಟ್ಟುಕೊಂಡು ಊರೂರು ತಿರುಗುತ್ತಾರೆ, ಕಂಡಲ್ಲಿ ನಿಲ್ಲಿಸಿ ಮಲಗುತ್ತಾರೆ ಎಂದು ಅವನು ಹೇಳಿದ. ಹೊರಗಿನವರ ಕತೆ ನಮಗೇಕೆ ಎಂದೆ. ಆಗ ಅವನು ತನ್ನ ಲೆಕ್ಕಾಚಾರ ಬಿಚ್ಚಿದ.

ನಮ್ಮೂರಿನಲ್ಲಿ ಮನೆಗೆ ಹೊಸ ಕೋಣೆ ಕಟ್ಟಿಸಿದವರು, ಹಳೆ ಮನೆಗೂ ಅದಕ್ಕೂ ನಡುವಿನ ಬಾಗಿಲು ತೆರೆದಿಟ್ಟು, ಒಂದು ಮಂಡಲ, ಅಂದರೆ ನಲವತ್ತೆಂಟು ರಾತ್ರಿ ಅಲ್ಲಿ ಮಲಗುತ್ತಾರೆ. ಆಮೇಲೆ ಆ ಕೋಣೆ ಮನೆಗೆ ಸೇರಿತು ಎಂದು ಲೆಕ್ಕ. ಬಸ್ಸನ್ನು ನಿಮ್ಮ ಹಿತ್ತಿಲ ಬಾಗಿಲಿಗೆ ಸಂದಿಲ್ಲದಂತೆ ತಂದು ನಿಲ್ಲಿಸುತ್ತೇನೆ, ಒಂದು ಮಂಡಲ ಮಲಗಿ, ಅದು ನಿಮ್ಮ ಮನೆಯ ಕೋಣೆಯಾಗುತ್ತದೆ, ಆಮೇಲೆ ಕೋಣೆಯನ್ನು ಬಿಚ್ಚಿಕೊಂಡು ಎಲ್ಲಿಗೆ ಬೇಕಾದರೂ ಹೋಗಿ ಮಲಗಿ ಎಂದ. ಅಣ್ಣ ರುದ್ರೇಶ ಅಲ್ಲೇ ಊಟಕ್ಕೆ ಕೂತಿದ್ದ. ಅವನು ಹತ್ತಿ ಮಿಲ್ಲಿನಲ್ಲಿ ಹಗಲು ಪಾಳಿಯವನು, ಮಾತು ಕಡಿಮೆ, ಆಡಿದರೆ ಉಪ್ಪು ಖಾರ ಜಾಸ್ತಿ.

"ಮನೆ ಬಿಟ್ಟು ಹೋಗೋಕೆ ಮನೇನೇ ಕಟ್ಕೊಂಡು ಹೋಗೋರು ಇಡೀ ಲೋಕದಾಗೆ ನೀವೇ ಇರ್ಬೇಕು" ಎಂದ.

ಅವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಬಸ್ಸು ಯಾವಾಗ ತರ್ತೀಯಪ್ಪ ಎಂದು ದಸ್ತಗೀರಣ್ಣನನ್ನು ಕೇಳಿದಳು.

ಬಸ್ಸು ತರಲು ಹಿತ್ತಿಲಿನ ಗೋಡೆ ಅರ್ಧ ಒಡೆಯಬೇಕಾಯಿತು. ದಸ್ತಗೀರಣ್ಣ ಸೀಟುಗಳನ್ನೆಲ್ಲ ಬಿಚ್ಚಿ, ಹಿಂದುಗಡೆ ಬಾಗಿಲು ಕೊರೆದು, ಹಿತ್ತಿಲ ಬಾಗಿಲಿಗೂ ಅದಕ್ಕೂ ನಡುವೆ ತಗಡು ಮಡಿಚಿ ಬೆಸೆದ. ಕೋಣೆ ಅಂದ ಮೇಲೆ ನಾಲ್ಕು ಗೋಡೆ ಇರಬೇಕೆಂದು ಡ್ರೈವರ್ ಕೂರುವ ಕ್ಯಾಬಿನ್ನಿಗೂ ಹಿಂಭಾಗಕ್ಕೂ ನಡುವೆ ಹಲಗೆ ಹೊಡೆದ. ನಾನು ಮೀಟರಿನ ಹಳೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪಟ್ಟಿ ಬರೆಯುತ್ತಾ ಹೋದೆ: ಎರಡು ಚಾಪೆ, ಸೊಳ್ಳೆಪರದೆ, ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು, ಪುಳಿಯೋಗರೆ ಗೊಜ್ಜು, ಅವ್ವನ ಮಾತ್ರೆ, ಸೂಜಿ ದಾರ. ಸೂಜಿ ದಾರ ಯಾಕೆಂದರೆ ಅವ್ವ ಹೇಳಿದ್ದು. ಅಲ್ಲಿ ಏನಾದರೂ ಬಿಚ್ಚಿಕೊಂಡಿದ್ದರೆ ಹಾಗೇ ಬಿಟ್ಟು ಬರೋಕಾಗ್ತದಾ ಎಂದಿದ್ದಳು. ಹಬ್ಬದ ಬಯಲಿನಲ್ಲಿ ಗಾಡಿ ನಿಲ್ಲಿಸಲು ಮೊದಲೇ ಹೆಸರು ಬರೆಸಬೇಕಂತೆ. ಪುರಸಭೆಯ ಕಂಪ್ಯೂಟರಿನಲ್ಲಿ ಮೂರು ದಿನ ಕೂತು ಅದನ್ನೂ ಮಾಡಿದೆ. ವಾಹನದ ಮಾದರಿ ಎಂಬ ಕಡೆ ಏನು ಬರೆಯಬೇಕೆಂದು ತಿಳಿಯದೆ, ಮನೆ ಎಂದು ಬರೆದೆ. ಒಪ್ಪಿಕೊಂಡರು.

ನಲವತ್ತೆಂಟು ರಾತ್ರಿ ಅವ್ವ, ನಾನು ಬಸ್ಸಿನಲ್ಲಿ ಮಲಗಿದೆವು. ಅಣ್ಣ ಬರಲಿಲ್ಲ, ತನ್ನ ಮಂಚ ಬಿಡಲಿಲ್ಲ. ಹಗಲು ಕಾದ ತಗಡು ನಡುರಾತ್ರಿಯ ತನಕ ಬಿಸಿ ಉಗುಳುತ್ತಿತ್ತು. ಡೀಸೆಲ್ ವಾಸನೆಗೆ ನನಗೆ ದಿನಾ ಬೆಳಿಗ್ಗೆ ತಲೆನೋವು. ಮೊದಲ ವಾರ ಇದೆಲ್ಲ ಒಂದು ಆಟದಂತೆ ಇತ್ತು, ಆಮೇಲೆ ಬರೀ ಕೆಲಸ. ಬೆಳಿಗ್ಗೆ ಎದ್ದು ಮೀಟರು, ಸಂಜೆ ಬಟ್ಟೆಯ ತುದಿ, ರಾತ್ರಿ ಬಸ್ಸು. ನಿಜ ಹೇಳಬೇಕೆಂದರೆ ನನಗೆ ಬಲೂನಿನ ಮೇಲೆ ಯಾವ ಆಸೆಯೂ ಇರಲಿಲ್ಲ. ಅವ್ವ ಒಮ್ಮೆ ನೋಡಿಬಿಟ್ಟರೆ ಆ ಮಾತು ನಿಲ್ಲುತ್ತದಲ್ಲ ಎಂಬ ಆಸೆ ಇತ್ತು. ಅವ್ವ ಮಾತ್ರ ಮಲಗುವ ಮೊದಲು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಗಾಳಿ ತುಂಬಿದಾಗ ಹೊಲಿಗೆ ಒಳಗಿನಿಂದ ಎಳೆಯುತ್ತದೋ ಹೊರಗಿನಿಂದಲೋ? ನನಗೆ ಗೊತ್ತಿಲ್ಲ, ಮಲಗು ಎನ್ನುತ್ತಿದ್ದೆ.

ಮಂಡಲ ಮುಗಿದಾಗ ಹಬ್ಬಕ್ಕೆ ಒಂಬತ್ತು ದಿನ ಉಳಿದಿತ್ತು. ಇಲ್ಲಿ ನಾವೊಂದು ತಪ್ಪು ಮಾಡಿದೆವು. ಅದು ನಮ್ಮೂರಿನವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು. ಹೊಸ ಕೋಣೆ ಮನೆಗೆ ಸೇರಿದೆಯೇ ಎಂದು ನೋಡಲು ಒಂದು ರೂಢಿಯಿದೆ. ಮನೆಯ ಕಿರಿಯರು ಒಂದು ರಾತ್ರಿ ನಡುವಿನ ಬಾಗಿಲು ಹಾಕಿಕೊಂಡು ಹೊಸ ಕೋಣೆಯಲ್ಲಿ ಒಬ್ಬರೇ ಮಲಗುತ್ತಾರೆ, ಉಳಿದವರು ಹಳೆ ಮನೆಯಲ್ಲಿ. ಬೆಳಿಗ್ಗೆ ಕಿರಿಯರು ಹಳೆ ಮನೆಯ ಹೊಸಿಲು ದಾಟಿದರೆ ಎಲ್ಲ ಸರಿ. ಇದುವರೆಗೂ ಯಾರ ಮನೆಯಲ್ಲೂ ಅದರಿಂದ ಕೆಟ್ಟದ್ದಾಗಿಲ್ಲ. ಏಕೆಂದರೆ ಯಾರ ಕೋಣೆಗೂ ಗಾಲಿಗಳಿರಲಿಲ್ಲ. ಅವ್ವ ಬೇಡ ಎಂದಳು. ಮಂಡಲ ಆಗಿದೆ, ಇನ್ನೇನು ನೋಡುವುದಿದೆ, ಹೊರಟುಬಿಡೋಣ ಎಂದಳು. ನಾನೇ ಹಟ ಮಾಡಿದೆ. ಐವತ್ತೆಂಟು ವರ್ಷದವಳ ಮನೆಯನ್ನು ಅಂದಾಜಿನ ಮೇಲೆ ಇಡಲಾಗುವುದಿಲ್ಲ ಎಂದೆ. ಅಣ್ಣನೂ, ನೋಡಿಕೊಂಡೇ ಹೋಗಿ ಎಂದ. ಅಪರೂಪಕ್ಕೆ ಅವನೂ ನಾನೂ ಒಂದೇ ಮಾತು ಆಡಿದೆವು.

ನಮ್ಮ ಕೋಣೆ ದೂರ ಹೋಗುವಂಥದ್ದು, ಬಾಗಿಲು ಹಾಕಿದರೆ ಸಾಲದು ಎಂದು ದಸ್ತಗೀರಣ್ಣ ಬೆಸುಗೆ ಬಿಡಿಸಿ ಬಸ್ಸನ್ನು ಕೆರೆ ಏರಿಯ ಆಚೆ ನಿಲ್ಲಿಸಿದ. ನಾನು ಒಬ್ಬಳೇ ಅದರಲ್ಲಿ ಮಲಗಿದೆ. ಒಳ್ಳೆಯ ನಿದ್ದೆ ಬಂತು. ಬೆಳಿಗ್ಗೆ ಬಸ್ಸು ಮನೆ ಮುಂದೆ ಬಂದಾಗ ಅವ್ವ ಬಾಗಿಲಲ್ಲಿ ಕಾಫಿ ಹಿಡಿದುಕೊಂಡು ನಿಂತಿದ್ದಳು. ನಾನು ಜಗಲಿ ಹತ್ತಿ, ಹೊಸಿಲ ಮುಂದೆ ಹೋದೆ. ಕಾಲು ಏಳಲಿಲ್ಲ. ಎಷ್ಟೋ ಜನ ಹೇಳಿದ್ದನ್ನು ಕೇಳಿದ್ದೆ, ಹಾಗೇ ಇತ್ತು. ನೋವಿಲ್ಲ, ಭಯವೂ ಇಲ್ಲ. ಗೋಡೆಯೊಳಗೆ ಯಾರೂ ನಡೆಯಲು ಹೋಗುವುದಿಲ್ಲವಲ್ಲ, ಅದರಂತೆ ಕಾಲಿಗೆ ಅಲ್ಲಿ ಹೋಗಬೇಕೆಂದೇ ಅನ್ನಿಸಲಿಲ್ಲ. ಅವ್ವ ಲೋಟವನ್ನು ಕೆಳಗಿಟ್ಟು ಹೊರಗೆ ಬಂದಳು. ನನ್ನ ಮುಖ ನೋಡಿ, ನೇರ ಬಸ್ಸಿನ ಹತ್ತಿರ ಹೋಗಿ ಹಿಂಬಾಗಿಲ ಮೆಟ್ಟಿಲಿಗೆ ಕಾಲಿಡಲು ನೋಡಿದಳು. ಅವಳ ಕಾಲೂ ಏಳಲಿಲ್ಲ.

ದಸ್ತಗೀರಣ್ಣ ಬಸ್ಸಿಗೆ ಒಂದು ಸುತ್ತು ಬಂದ. "ಕೆಲಸ ಕೆಟ್ಟಿಲ್ಲ ಅಕ್ಕಾ, ಜಾಸ್ತಿ ಆಗೈತೆ" ಎಂದ. "ಕೋಣೆ ಆಗ್ಲಿ ಅಂತ ಮಾಡಿದ್ವಿ. ಮನೇನೇ ಆಗ್ಬಿಟ್ಟೈತೆ."

ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ. ಹಿತ್ತಿಲ ಬಾಗಿಲಿಗೆ ಅಂಟಿಕೊಂಡಿದ್ದಾಗ ಅದು ಕೋಣೆ. ಬಿಡಿಸಿದ ಕೂಡಲೇ ಅದು ಬೇರೆ ಮನೆ. ನಾನು ಆ ಮನೆಯಲ್ಲಿ ಮಲಗಿ ಈ ಮನೆ ಕಳೆದುಕೊಂಡೆ. ಅವ್ವ ಈ ಮನೆಯಲ್ಲಿ ಮಲಗಿ ಆ ಮನೆ ಕಳೆದುಕೊಂಡಳು. ಪರೀಕ್ಷೆ ಮಾಡದೆ ಹೋಗಿದ್ದರೆ ಇಬ್ಬರೂ ಮನೆ ಕಳೆದುಕೊಳ್ಳುತ್ತಿದ್ದೆವು, ಆದರೆ ಅವ್ವ ಬಸ್ಸಿನಲ್ಲಿ ಮಲಗಿ ಎದ್ದು ಬಲೂನನ್ನಾದರೂ ನೋಡುತ್ತಿದ್ದಳು. ಈಗ ಬಸ್ಸಿತ್ತು, ಪಟ್ಟಿಯಿತ್ತು, ಬಯಲಿನಲ್ಲಿ ಜಾಗವಿತ್ತು. ಯಾರಿಗಾಗಿ ಇದೆಲ್ಲ ಮಾಡಿದ್ದೆವೋ ಅವಳು ಮಾತ್ರ ಅದರೊಳಗೆ ಹೋಗುವಂತಿರಲಿಲ್ಲ.

ಅವತ್ತು ಮಧ್ಯಾಹ್ನ ಅಣ್ಣ ನನ್ನ ಬಟ್ಟೆಗಳನ್ನು, ನನ್ನ ನಾಲ್ಕು ಪುಸ್ತಕಗಳನ್ನು ಒಂದು ಗೋಣಿಚೀಲದಲ್ಲಿ ಹಾಕಿ ಹೊರಗೆ ತಂದುಕೊಟ್ಟ. ಬೈಯಲಿಲ್ಲ, ಅದೇ ಕಷ್ಟವಾಯಿತು. ಮದುವೆಯಾಗದೆ ತವರು ಕಳೆದುಕೊಂಡ ಹುಡುಗಿ ನಮ್ಮ ಬೀದಿಯಲ್ಲಿ ನಾನೊಬ್ಬಳೇ. ಅಕ್ಕಪಕ್ಕದವರು ಬಂದು, ಹೋಗಲಿ ಬಿಡು, ಹೇಗಿದ್ದರೂ ಇವತ್ತಲ್ಲ ನಾಳೆ ಹೋಗುವವಳೇ ಎಂದು ಸಮಾಧಾನ ಹೇಳಿ ಹೋದರು. ನಾನು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದೆ. ಅವ್ವ ಹೊಸಿಲ ಒಳಗೆ ಕೂತಿದ್ದಳು. ನೆರೆಯವರು ಹೋದ ಮೇಲೆ ಅವಳು, ನೀನಾದರೂ ಹೋಗಿ ನೋಡಿಕೊಂಡು ಬಾ, ಹೊಲಿಗೆ ಹೇಗಿದೆ ಅಂತ ಹೇಳು, ನನಗೆ ಅಷ್ಟು ಸಾಕು ಎಂದಳು.

ಅಷ್ಟು ಹೊತ್ತು ಬಾರದ ಸಿಟ್ಟು ಆಗ ಬಂತು. "ನಂಗೆ ಬಲೂನ್ ಬೇಕಾಗಿರ್ಲಿಲ್ಲ ಅವ್ವ" ಎಂದೆ. "ನಿಂಗೆ ಬೇಕಾಗಿತ್ತು. ನಿನ್ನ ಬಲೂನಿಗೆ ನನ್ನ ಮನೆ ಹೋಯ್ತು. ಈಗ ನೀನು ಆ ಮನೇಲಿ ಕೂತ್ಕೊಂಡು ನಂಗೇ ಹೋಗಿ ನೋಡ್ಕೊಂಡು ಬಾ ಅಂತೀಯ."

ಅವ್ವ ಎದ್ದು ಒಳಗೆ ಹೋದಳು. ಮೆಷಿನ್ನಿನ ಸದ್ದು ಕೇಳಿಸಿತು, ನಿಂತಿತು. ಮತ್ತೆ ಶುರುವಾಗಲಿಲ್ಲ. ಆ ವಾರವೆಲ್ಲ ನಾನು ಬೀದಿಯಲ್ಲಿ ನಿಂತ ಬಸ್ಸಿನಲ್ಲಿ ಮಲಗಿ ಎದ್ದು ಮೀಟರು ಓದಲು ಹೋದೆ. ಸಂಜೆ ಬಟ್ಟೆಯ ತುದಿ ಹಿಡಿಯುವವರು ಯಾರೂ ಇರಲಿಲ್ಲ. ಅಣ್ಣ ಒಂದು ದಿನ ಹಿಡಿದನಂತೆ, ಎಳೆದುಬಿಟ್ಟನಂತೆ, ಅವ್ವ ಅಷ್ಟುದ್ದ ಹೊಲಿಗೆ ಬಿಚ್ಚಿ ಮತ್ತೆ ಹಾಕಿದಳಂತೆ.

ಹಬ್ಬದ ಹಿಂದಿನ ದಿನ ಬೆಳಕು ಹರಿಯುವಾಗ ಯಾರೋ ಬಸ್ಸಿನ ತಗಡು ಬಡಿದರು. ಅವ್ವ ಸೀರೆಯ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಮಾತ್ರೆಯ ಡಬ್ಬಿ, ಹೊಲಿಗೆಯ ಚೀಲ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ದಸ್ತಗೀರಣ್ಣ. ಡ್ರೈವರಿನ ಕ್ಯಾಬಿನ್ನಿನಲ್ಲಿ ನಾವು ಯಾರೂ ಮಲಗಿಲ್ಲ, ನಡುವೆ ಹಲಗೆಯಿದೆ, ಬಾಗಿಲು ಬೇರೆ, ಅದು ಮನೆಯಲ್ಲ, ಜಗಲಿಯ ಲೆಕ್ಕ ಎಂದು ಅವನು ಹೇಳಿದ. ಅವ್ವ ಆಗಲೇ ಹತ್ತಿ ಇಳಿದು ನೋಡಿದ್ದಳಂತೆ. ರಾತ್ರಿಗೆ ಏನು ಮಾಡ್ತೀಯ, ನಿನಗೆ ಒಂದೂವರೆ ದಾಟೋದಿಲ್ಲ ಎಂದೆ.

"ದಾಟಿದ್ರೆ ದಾಟ್ತು, ಇಲ್ದಿದ್ರೆ ಇಲ್ಲ" ಎಂದಳು ಅವ್ವ. "ನಿನ್ನ ಮನೆ ಹೋಗೈತೆ. ನಂದೊಂದು ಬಚ್ಚಿಟ್ಕೊಂಡು ಏನ್ ಮಾಡ್ಲಿ? ನಡಿ."

ಅಣ್ಣ ಜಗಲಿಯಲ್ಲಿ ಕೈಕಟ್ಟಿ ನಿಂತಿದ್ದ. ಅವ್ವನಿಗೆ ಹೋಗಬೇಡ ಎನ್ನಲಿಲ್ಲ. ಬಸ್ಸು ಹೊರಟಾಗ, ಮಲಗಬೇಡ ಎಂದಷ್ಟೇ ಹೇಳಿದ, ಎರಡು ಸಲ.

ಹಗಲಿಡೀ ಹೋದೆವು. ಎರಡು ಕಡೆ ಟೈರು ಬಿಸಿಯಾಯಿತೆಂದು ನಿಲ್ಲಿಸಿದೆವು. ಒಂದು ಕಡೆ ಬೇವಿನ ಮರದ ಕೆಳಗೆ ಪುಳಿಯೋಗರೆ ತಿಂದೆವು, ಗೊಜ್ಜಿಗೆ ಉಪ್ಪು ಹೆಚ್ಚಾಗಿತ್ತು. ಸಂಜೆ ಬಯಲು ಮುಟ್ಟಿದಾಗ ನೂರಾರು ಗಾಡಿಗಳು ಸಾಲಾಗಿ ನಿಂತಿದ್ದವು. ಕೆಲವು ನಿಜವಾಗಿಯೂ ಮನೆಗಳಂತಿದ್ದವು, ಪರದೆ, ದೀಪ, ನಾಯಿ ಎಲ್ಲ ಇದ್ದವು. ಅವುಗಳ ಜನ ಮಡಚುವ ಕುರ್ಚಿಗಳಲ್ಲಿ ಕೂತು ನಗುತ್ತಿದ್ದರು. ಎಂಟು ಗಂಟೆಗೇ ಕೆಲವರು ಮಲಗಲು ಹೋದರು, ಅಂಗಿ ಕಳಚುವಷ್ಟು ಸಲೀಸಾಗಿ. ದಸ್ತಗೀರಣ್ಣ ಒಂದು ಟಾರ್ಪಾಲು ಹಾಸಿಕೊಂಡು, ಐದನೇ ಕೋಣೆಗೂ ಸಲಾಂ ಎಂದು ಹೇಳಿ ಗೊರಕೆ ಹೊಡೆದ.

ನಾನು ಬಸ್ಸಿನ ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತೆ. ಅವ್ವ ಎದುರಿಗೆ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ. ನನಗೆ ನಿದ್ದೆ ಬಂದರೂ ನಡೆಯುತ್ತಿತ್ತು, ನಾನು ನನ್ನ ಮನೆಯೊಳಗೇ ಇದ್ದೆ. ಅವಳಿಗೆ ಹಾಗಿಲ್ಲ. ಹನ್ನೆರಡರ ತನಕ ಟೀ ಮಾಡಿ ಮಾಡಿ ಕೊಟ್ಟೆ. ಬಸ್ಸಿನ ಪರದೆ ಬಿಚ್ಚಿ ಕೊಟ್ಟು ಅಂಚು ಹೊಲಿ ಎಂದೆ, ಹೊಲಿದದ್ದನ್ನು ಬಿಚ್ಚು ಎಂದೆ. ಮಾತಾಡಿಸುತ್ತಾ ಹೋದೆ. ಅಪ್ಪನ ವಿಷಯ, ಅಣ್ಣನಿಗೆ ಹೆಣ್ಣು ನೋಡುವ ವಿಷಯ, ಅವಳ ಅವ್ವ ತೀರಿಕೊಂಡ ದಿನ ಅವಳು ಜಗಲಿಯ ಕಿಟಕಿಯಿಂದಲೇ ಬಾಯಿಗೆ ನೀರು ಬಿಡಲು ಕೈ ಚಾಚಿದ್ದು, ಕೈ ಎಟುಕದೆ ಇದ್ದದ್ದು. ಅದನ್ನು ಅವಳು ಯಾವತ್ತೂ ನನಗೆ ಹೇಳಿರಲಿಲ್ಲ. ಬೇರೆಯವರ ಮನೆಯ ಸುದ್ದಿಯಂತೆ ಹೇಳಿದಳು, ಹೊಲಿಯುತ್ತಲೇ ಹೇಳಿದಳು. ಒಂದೂವರೆ ದಾಟಿತು. ಎರಡೂ ದಾಟಿತು. ಎರಡೂವರೆಗೆ ಅವಳು ಸೂಜಿಯನ್ನು ಹೆಬ್ಬೆರಳಿಗೆ ಚುಚ್ಚಿಕೊಂಡದ್ದು ನೆನಪಿದೆ. ಬೇಕೆಂದೇ ಚುಚ್ಚಿಕೊಂಡಳು ಅನ್ನಿಸುತ್ತದೆ. ಅದರ ಮುಂದೆ ನನಗೆ ನೆನಪಿಲ್ಲ. ನಾನು ಮಲಗಿಬಿಟ್ಟೆ.

ಎಚ್ಚರವಾದಾಗ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಕುರ್ಚಿ ಖಾಲಿ. ಬಯಲಿನಲ್ಲಿ ದೊಡ್ಡ ಫ್ಯಾನುಗಳು ಸದ್ದು ಮಾಡುತ್ತಿದ್ದವು. ನೆಲದ ಮೇಲೆ ಬಿದ್ದ ಬಟ್ಟೆಗಳು ಹೊಟ್ಟೆ ಉಬ್ಬಿಸಿಕೊಂಡು ಅಲ್ಲಲ್ಲಿ ಮೇಲೇಳುತ್ತಿದ್ದವು. ಜನರ ನಡುವೆ ಹುಡುಕುತ್ತಾ ಓಡಿದೆ. ಅವ್ವ ಹಗ್ಗ ಕಟ್ಟಿದ ಗೆರೆಯನ್ನು ದಾಟಿ, ನಾವು ಹೊಲಿದುಕೊಟ್ಟ ಕೆಂಪು ಹಳದಿ ಪಟ್ಟೆಗಳ ಬಲೂನಿನ ಪಕ್ಕದಲ್ಲಿ ನಿಂತಿದ್ದಳು. ಕಾವಲಿನವನು ಅವಳನ್ನು ಆಚೆ ಹೋಗಲು ಹೇಳುತ್ತಿದ್ದ, ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಇನ್ನೂ ಪೂರ್ತಿ ಏಳದ ಆ ಬಟ್ಟೆಯ ಮೇಲೆ ಉಗುರು ಇಟ್ಟು ಹೊಲಿಗೆಯ ಉದ್ದಕ್ಕೂ ಎಳೆದುಕೊಂಡು ನಡೆಯುತ್ತಿದ್ದಳು. ಬಾಯಿಯ ಹತ್ತಿರ, ಬೆಂಕಿ ಉಗುಳುವ ಕಡೆ, ಅಂಗೈ ಅಗಲದ ಎರಡು ತೇಪೆ. ಅವು ಪಟ್ಟೆಯ ನಟ್ಟನಡುವೆ ಇದ್ದವು. ಬಟ್ಟೆ ಬೆಂಕಿಯ ಝಳಕ್ಕೆ ಸವೆದು ಹರಿದದ್ದು. ಹೊಲಿಗೆ ಅದರಿಂದ ಒಂದು ಗೇಣು ದೂರದಲ್ಲಿ, ಎರಡು ಸಾಲೂ ಹಾಗೇ ಇತ್ತು. ಆಮೇಲೆ ಬೆಂಕಿ ಹೊತ್ತಿಸಿದರು. ಬಟ್ಟೆ ಅವಳ ಕೈಯಿಂದ ಜಾರಿ ಮೇಲೆದ್ದಿತು. ಅದು ನಮ್ಮ ಬೀದಿಯ ಯಾವ ಮನೆಗಿಂತಲೂ ಎತ್ತರವಿತ್ತು, ಮೇಲಕ್ಕೆ ಹೋಗುತ್ತಾ ಹೋಗುತ್ತಾ ಚಿಕ್ಕದಾಯಿತು, ಕೊನೆಗೆ ಫೋನಿನಲ್ಲಿ ಕಂಡಷ್ಟೇ ಆಯಿತು.

"ಒಳಗಿನಿಂದ ಎಳೀತದೆ" ಎಂದಳು ಅವ್ವ. ಅವಳ ಕಣ್ಣುಗಳು ಕೆಂಪಾಗಿ ಊದಿಕೊಂಡಿದ್ದವು. ನೀನು ಮಲಗಿದೆಯಾ ಎಂದು ಕೇಳಿದೆ. ಗೊತ್ತಿಲ್ಲ ಕಣೆ ಎಂದಳು. ನೀನು ಒರಗಿಕೊಂಡ ಮೇಲೆ ಒಂದು ಸಲ ನಿಮ್ಮಜ್ಜಿ ಕಂಡಂಗಾಯ್ತು, ಬಾಗಿಲಲ್ಲಿ ನಿಂತಿದ್ಳು, ಕನಸೋ ನೆನಪೋ ತಿಳೀಲಿಲ್ಲ ಎಂದಳು.

ಬರುವಾಗ ಮೂವರೂ ಕ್ಯಾಬಿನ್ನಿನಲ್ಲೇ ಕೂತೆವು. ಕತ್ತಲಿಗೆ ಮುಂಚೆ ಊರು ಮುಟ್ಟುತ್ತೇವೋ ಇಲ್ಲವೋ ಎಂದು ಒಬ್ಬರನ್ನೊಬ್ಬರು ಎಚ್ಚರಿಸಿಕೊಂಡು ಬಂದೆವು. ನಮ್ಮ ಬೀದಿ ಮುಟ್ಟಿದಾಗ ಬಿಸಿಲು ಮಾಳಿಗೆಗಳ ಮೇಲಷ್ಟೇ ಉಳಿದಿತ್ತು. ಅಣ್ಣ ಮಿಲ್ಲಿಗೆ ಹೋಗಿರಲಿಲ್ಲ, ಬಾಗಿಲಲ್ಲೇ ಇದ್ದ. ಅವ್ವ ಜಗಲಿಯ ತನಕ ನಡೆದು ಬಂದು, ಹೊಸಿಲನ್ನು ಒಮ್ಮೆ ನೋಡಿ, ಅದರ ಹತ್ತಿರ ಹೋಗಲಿಲ್ಲ. ಕಂಬಕ್ಕೆ ಒರಗಿ ಕೂತಳು. ಒಂದು ಲೋಟ ನೀರು ಕೊಡಪ್ಪ ಎಂದಳು. ಅಣ್ಣ ನೀರು ತರುವಷ್ಟರಲ್ಲಿ ನಿದ್ದೆ ಹೋಗಿದ್ದಳು, ಬಾಯಿ ತೆರೆದುಕೊಂಡು, ಮಗುವಿನಂತಲ್ಲ, ದಿನವಿಡೀ ಮೂಟೆ ಹೊತ್ತವರಂತೆ.

ಹಗಲಿನ ನಿದ್ದೆ ಲೆಕ್ಕಕ್ಕಿಲ್ಲ. ಕತ್ತಲಾದ ಮೇಲೆ ಜಗಲಿಯ ನಿದ್ದೆಯೂ ಹೊರಗಿನ ನಿದ್ದೆಯೇ. ಬೀದಿಯ ದೀಪ ಹೊತ್ತಿಕೊಂಡಿತು. ಅಣ್ಣ, ಎಬ್ಬಿಸು ಎಂದ. ನಾನು ಸುಮ್ಮನೆ ಕೂತೆ. ಎಬ್ಬಿಸಿದರೆ ಅವಳು ಹೊಸಿಲಿಗೆ ಹೋಗಬೇಕು, ಹ್ಞೂಂ ಅಥವಾ ಉಹ್ಞೂಂ ತಿಳಿಯಬೇಕು. ಎಬ್ಬಿಸದಿದ್ದರೆ ಈ ಜಗಲಿಯಲ್ಲಿ ಕೂರುವವರು ನಾವಿಬ್ಬರಾಗುತ್ತೇವೆ. ಆ ಯೋಚನೆ ನನಗೆ ಬಂತು, ಇಷ್ಟವೂ ಆಯಿತು, ಅದನ್ನು ನಾನು ಮುಚ್ಚಿಡುವುದಿಲ್ಲ. "ದಾಕ್ಷಿ, ಎಬ್ಬಿಸು" ಎಂದ ಅಣ್ಣ ಮತ್ತೆ. ನಾನು ಅವ್ವನ ಭುಜ ಅಲುಗಿಸಿ, ಅವ್ವ, ಏಳು, ಕತ್ತಲಾಯ್ತು ಎಂದೆ.

ಅವಳು ಕಣ್ಣು ಪೂರ್ತಿ ಬಿಡದೆ ಎದ್ದಳು. ದಿನಾ ಮೂತ್ರಕ್ಕೆಂದು ಎದ್ದು ಬಂದು ಮತ್ತೆ ಹಾಸಿಗೆಗೆ ಹೋಗುವಂತೆ ಒಂದು ಕೈಯಿಂದ ಗೋಡೆ ಸವರಿಕೊಂಡು ನಡೆದಳು. ಹೊಸಿಲ ಮುಂದೆ ನಿಲ್ಲಲೂ ಇಲ್ಲ. ಕಾಲೆತ್ತಿದಳು, ದಾಟಿದಳು, ನಡುಮನೆಯಲ್ಲಿ ನಾಲ್ಕು ಹೆಜ್ಜೆ ಹೋದಳು. ಅಲ್ಲಿ ಮೆಷಿನ್ನಿಗೆ ಮೊಣಕಾಲು ತಾಗಿದಾಗ ಎಚ್ಚರವಾಗಿ ಹಿಂದಿರುಗಿ ನೋಡಿದಳು. ಅಣ್ಣ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತ. ಅವ್ವ ಅವನನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು. ಸಂತೋಷ ಅವಳ ಮುಖದಲ್ಲಿ ಇರಲಿಲ್ಲ. ಒಳಗೆ ಬಂದದ್ದಕ್ಕೆ ನಾಚಿಕೆಪಟ್ಟವಳಂತೆ ಕಂಡಳು.

"ರುದ್ರ, ಈ ಮೆಷಿನ್ ಎತ್ತಿ ಜಗಲಿಗೆ ಹಾಕು" ಎಂದಳು.

ಈಗಲಾ ಎಂದ ಅಣ್ಣ. ಧೂಳು ಬರುತ್ತದೆ, ಬಿಳಿ ಬಟ್ಟೆ ಬಂದರೆ ಕೊಳೆಯಾಗುತ್ತದೆ, ಮಳೆ ಬಂದರೆ ಎರಚಲು ಹೊಡೆಯುತ್ತದೆ ಎಂದ.

"ಹೊಡೀಲಿ" ಎಂದಳು ಅವ್ವ.

ನನಗೆ ಅದೆಲ್ಲ ನೋಡುತ್ತಾ ನಿಲ್ಲುವಷ್ಟು ಶಕ್ತಿ ಇರಲಿಲ್ಲ. ಬಸ್ಸು ಹತ್ತಿ, ಚಪ್ಪಲಿ ಕೂಡ ಬಿಚ್ಚದೆ ಮಲಗಿದೆ. ಬೆಳಿಗ್ಗೆ ಎಚ್ಚರವಾದಾಗ ಮೆಷಿನ್ನಿನ ಸದ್ದು ಜಗಲಿಯ ಕಡೆಯಿಂದ ಬರುತ್ತಿತ್ತು. ಪಟ್ಟೆಯೊಂದು ಜಗಲಿಯಿಂದ ಇಳಿದು, ಬೀದಿ ದಾಟಿ, ಬಸ್ಸಿನ ಮೆಟ್ಟಿಲ ತನಕ ಬಂದು ಬಿದ್ದಿತ್ತು. ಇಳಿದು ಹೋಗಿ ಅದರ ತುದಿಯನ್ನು ಎತ್ತಿಕೊಂಡೆ.